ಮದುವೆಗೆ ಕಡು ಬಣ್ಣದ ಸೀರೆ: ಆರಿಸುವುದರಿಂದ ಎತ್ತಿಡುವವರೆಗೆ

ನನ್ನ ಚಿಕ್ಕಪ್ಪನ ಮಗಳು ತನ್ನ ಮದುವೆಗೆ ಕಪ್ಪು ಸೀರೆ ಬೇಕು ಅಂದಾಗ ಧಾರವಾಡದ ನಮ್ಮ ಮನೆಯಲ್ಲಿ ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ. ಮೊದಲು ಮಾತಾಡಿದವರು ಅಜ್ಜಿ. "ಕೊರಳಾಗಿನ ಕರಿಮಣಿ ಯಾವ ಬಣ್ಣದ್ದೈತಿ? ಅದೂ ಕರೀದ ಅಲ್ಲೇನ?" ಅಂದರು. ಆಮೇಲೆ ಚಂದ್ರಕಾಳಿ ಸೀರೆಯ ಮಾತು ತೆಗೆದರು.

ಚಂದ್ರಕಾಳಿ ಅಂದರೆ ಕಪ್ಪು ರೇಷ್ಮೆ ಸೀರೆ, ಅದರ ಮೇಲೆ ಕೈಯಿಂದ ಹಾಕಿದ ಕಸೂತಿ. ಮದುಮಗಳ ಸೀರೆಗಳಲ್ಲಿ ಇದೊಂದು ಇರಬೇಕು ಅನ್ನುವ ಪದ್ಧತಿ ನಮ್ಮ ಉತ್ತರ ಕರ್ನಾಟಕದಲ್ಲಿ ಇತ್ತು. ಪಕ್ಕದ ಮಹಾರಾಷ್ಟ್ರದಲ್ಲಿ ಹೊಸದಾಗಿ ಮದುವೆಯಾದವಳು ಮೊದಲ ಸಂಕ್ರಾಂತಿಗೆ ಕಪ್ಪು ಸೀರೆಯನ್ನೇ ಉಡುತ್ತಾಳೆ. ಕೊಡವರ ಮದುವೆಗೆ ಹೋದರೆ ಕಪ್ಪು ಕುಪ್ಯ (ನಿಲುವಂಗಿ) ತೊಟ್ಟು, ಕೆಂಪು ಚೇಲೆ (ನಡುಪಟ್ಟಿ) ಕಟ್ಟಿದ ಗಂಡಸರು ಕಾಣುತ್ತಾರೆ. ಹಾಗಾಗಿ ಕಡು ಬಣ್ಣ ನಮ್ಮ ಮದುವೆಮನೆಗೆ ಹೊಸದೇನಲ್ಲ. ನಡುವೆ ಎಲ್ಲೋ ಅದನ್ನು ಮರೆತೆವು, ಅಷ್ಟೇ.

ನಿಜವಾದ ಕಷ್ಟ ಬೇರೆ ಇದೆ. ಕಡು ಬಣ್ಣದ ಬಟ್ಟೆ ಬೆಳಕನ್ನು ನುಂಗುತ್ತದೆ. ಕೆಂಪು, ಹಳದಿ ಸೀರೆಯಾದರೆ ಎಂಥ ಬೆಳಕಲ್ಲೂ ಹೇಗೋ ನಡೆದುಹೋಗುತ್ತದೆ. ಕಪ್ಪು, ಕಡು ನೀಲಿ, ಬದನೆಕಾಯಿ ಬಣ್ಣ ಹಾಗಲ್ಲ. ಅಂಗಡಿಯಲ್ಲಿ ಒಂದು ಥರ, ಮಂಟಪದಲ್ಲಿ ಇನ್ನೊಂದು ಥರ, ಫೋಟೊದಲ್ಲಿ ಮತ್ತೊಂದು ಥರ ಕಾಣುತ್ತವೆ. ಹಾಗಾಗಿ ಪ್ರತಿ ಹೆಜ್ಜೆಯಲ್ಲೂ ಮೊದಲು ಬೆಳಕು ನೋಡಿ, ಆಮೇಲೆ ಬಣ್ಣ ನೋಡಿ.

ಮೊದಲು ಯಾವ ಹೊತ್ತಿಗೆ ಅಂತ ಗೊತ್ತುಮಾಡಿ

ಸೀರೆ ಅಂಗಡಿಗೆ ಹೋಗುವ ಮುಂಚೆ ಮನೆಯಲ್ಲಿ ಕೂತು ಇದೊಂದನ್ನು ತೀರ್ಮಾನ ಮಾಡಿ. ನಮ್ಮ ಮದುವೆ ಅಂದರೆ ಒಂದೇ ಸೀರೆಯಲ್ಲಿ ಮುಗಿಯುವುದಿಲ್ಲ. ಅರಿಶಿನ ಶಾಸ್ತ್ರ, ವರಪೂಜೆ, ಮುಹೂರ್ತ, ಆರತಕ್ಷತೆ, ಮನೆ ತುಂಬಿಸುವುದು, ಬೀಗರ ಔತಣ ಎಲ್ಲಕ್ಕೂ ಬೇರೆ ಬೇರೆ ಸೀರೆ ಇರುತ್ತದೆ.

ಕಡು ಬಣ್ಣಕ್ಕೆ ಅತಿ ಸುಲಭದ ಜಾಗ ಆರತಕ್ಷತೆ. ಹಳೇ ಮೈಸೂರು ಕಡೆ ಅದು ಮುಹೂರ್ತದ ಹಿಂದಿನ ಸಂಜೆಯೇ ಇರುತ್ತದೆ. ಸಂಜೆ ದೀಪದಲ್ಲಿ ಕಡು ಬಣ್ಣಕ್ಕೆ ಒಂದು ಗಾಂಭೀರ್ಯ ಬರುತ್ತದೆ. ಬೀಗರ ಔತಣವೂ ಒಳ್ಳೆಯದೇ, ಅಲ್ಲಿ ಶಾಸ್ತ್ರ ಕಮ್ಮಿ. ಅರಿಶಿನಕ್ಕೆ ಮಾತ್ರ ಬೇಡವೇ ಬೇಡ. ಕಪ್ಪು ರೇಷ್ಮೆಗೆ ಅರಿಶಿನ ಬಿದ್ದರೆ ಅದು ಕಣ್ಣಿಗೆ ಹೊಡೆಯುತ್ತದೆ, ಉಜ್ಜಿದರೆ ಇನ್ನೂ ಹರಡುತ್ತದೆ.

ಮುಹೂರ್ತಕ್ಕೇ ಕಡು ಬಣ್ಣ ಬೇಕು ಅನ್ನುವವರು ಹಿರಿಯರ ಹತ್ತಿರ ಮೊದಲೇ ಮಾತಾಡಿ. ಎರಡೂ ಮನೆಯವರ ಹತ್ತಿರ. ಧಾರೆಗೆ ಇಂಥದ್ದೇ ಸೀರೆ ಅನ್ನುವ ಪದ್ಧತಿ ಎಷ್ಟೋ ಮನೆಗಳಲ್ಲಿದೆ. ಕೆಲವು ಮನೆಗಳಲ್ಲಿ ಶಾಸ್ತ್ರದ ಹೊತ್ತಿಗೆ ಕಪ್ಪನ್ನು ಮುಟ್ಟುವುದೇ ಇಲ್ಲ. ಸೀರೆ ತಂದು ಮುಂದಿಟ್ಟು "ಇದೇ ಉಡೋದು" ಅಂದರೆ ಜಗಳ ಆಗುತ್ತದೆ. ಎರಡು ತಿಂಗಳು ಮುಂಚೆ ಕೇಳಿದರೆ ಅದೇ ಮಾತು ಚರ್ಚೆಯಾಗುತ್ತದೆ. ನನ್ನ ಅನುಭವದಲ್ಲಿ ಹಿರಿಯರಿಗೆ ಬೇಡವಾದದ್ದು ಹೆಚ್ಚಾಗಿ ಅಪ್ಪಟ ಕಪ್ಪು ಮಾತ್ರ. ಕಡು ಹಸಿರಿಗೆ ಕೆಂಪು ಅಂಚು, ಕಡು ನೇರಳೆಗೆ ಅರಿಶಿನ ಬಣ್ಣದ ಅಂಚು ಅಂದರೆ ಮುಖ ಅರಳುತ್ತದೆ. ನಮ್ಮ ಮನೆಯಲ್ಲಿ ಕೊನೆಗೆ ಆದದ್ದು ಹೀಗೆ: ಧಾರೆಗೆ ಮನೆಯ ಪದ್ಧತಿಯ ಸೀರೆ, ಸಂಜೆಗೆ ಕಪ್ಪು. ಯಾರ ಮನಸ್ಸೂ ನೋಯಲಿಲ್ಲ.

ರಿಜಿಸ್ಟರ್ ಮದುವೆಗೋ ಮಂತ್ರಮಾಂಗಲ್ಯದ ಥರದ ಸರಳ ಮದುವೆಗೋ ಇಷ್ಟು ಯೋಚನೆ ಬೇಡ. 1954ರ ವಿಶೇಷ ವಿವಾಹ ಕಾಯ್ದೆಯಲ್ಲಿ 30 ದಿನದ ನೋಟಿಸ್ ಕೇಳುತ್ತಾರೆ, ಸೀರೆಯ ಬಣ್ಣವನ್ನಲ್ಲ.

ಯಾವ ಕಡು ಬಣ್ಣ?

ಕಪ್ಪು ಅಂತ ಹೋದವರು ಎಷ್ಟೋ ಸಲ ಬೇರೆ ಬಣ್ಣ ತಗೊಂಡು ಖುಷಿಯಾಗಿ ಬರುತ್ತಾರೆ. ಹಾಗಾಗಿ ಮನಸ್ಸು ಸ್ವಲ್ಪ ತೆರೆದಿಟ್ಟುಕೊಳ್ಳಿ. ಕಡು ನೀಲಿ, ಬಾಟಲ್ ಗ್ರೀನ್, ಬದನೆಕಾಯಿ ಬಣ್ಣ, ನೇರಳೆ ಹಣ್ಣಿನ ಬಣ್ಣ, ವೈನ್, ಕಾಫಿ ಬೀಜದ ಬಣ್ಣ ಎಲ್ಲವೂ ಇದೇ ಕುಟುಂಬದವು.

"ಹುಡುಗಿ ಬಣ್ಣ ಸ್ವಲ್ಪ ಕಮ್ಮಿ, ಕಪ್ಪು ಸೀರೆ ಒಪ್ಪಲ್ಲ" ಅನ್ನುವ ಮಾತು ಅಂಗಡಿಯಲ್ಲೂ ಮನೆಯಲ್ಲೂ ಕೇಳಿಬರುತ್ತದೆ. ಈ ಮಾತು ತಪ್ಪು. ಅದನ್ನು ಕೇಳಿ ಎಷ್ಟು ಹುಡುಗಿಯರು ತಮಗೆ ಇಷ್ಟವಾದ ಸೀರೆ ಮಡಚಿ ವಾಪಸ್ ಕೊಟ್ಟಿದ್ದಾರೋ! ಕಪ್ಪು ಮೈಬಣ್ಣಕ್ಕೆ ಕಡು ನೀಲಿ, ವೈನ್, ಕಡು ಹಸಿರು ಹಾಕಿ ನೋಡಿ. ಮುಖಕ್ಕೆ ಒಂದು ಹೊಳಪು ಬರುತ್ತದೆ. ಪೇಲವ ಗುಲಾಬಿಯಲ್ಲಿ ಆ ಹೊಳಪು ಬರುವುದಿಲ್ಲ. ಮುಖ ಮಂಕಾಗಿ ಕಾಣುತ್ತಿದೆ ಅಂದರೆ ಬಣ್ಣ ಕಡು ಅಂತ ಅಲ್ಲ, ಬಟ್ಟೆಯಲ್ಲಿ ಹೊಳಪಿಲ್ಲ ಅಂತ. ಹೊಳಪೇ ಇಲ್ಲದ ಕಪ್ಪು ಯಾರ ಮುಖವನ್ನೂ ಎತ್ತಿ ತೋರಿಸುವುದಿಲ್ಲ.

ಹಾಗಾಗಿ ನಾನು ಎಲ್ಲರಿಗೂ ಹೇಳುವುದು ಡಬಲ್ ಶೇಡ್ ನೋಡಿ ಅಂತ. ಹಾಸು (ಉದ್ದದ ಎಳೆ) ಒಂದು ಬಣ್ಣ, ಹೊಕ್ಕು (ಅಡ್ಡದ ಎಳೆ) ಇನ್ನೊಂದು ಬಣ್ಣ ಇಟ್ಟು ನೇಯ್ದ ಬಟ್ಟೆ ಅದು. ಕಪ್ಪು ಹಾಸಿನ ಜೊತೆ ಕೆಂಪು ಹೊಕ್ಕು ಸೇರಿದರೆ ನಿಂತಾಗ ಸೀರೆ ಕಪ್ಪಗಿರುತ್ತದೆ, ನಡೆದರೆ ನೆರಿಗೆಯ ತುದಿಯಲ್ಲಿ ಕೆಂಪು ಮಿಂಚುತ್ತದೆ. ಕಪ್ಪಿಗೆ ನೀಲಿ ಸೇರಿದರೆ ನವಿಲಿನ ಕತ್ತಿನ ಥರ. ಬಟ್ಟೆಯನ್ನು ಬೆರಳ ಮೇಲೆ ಮಡಚಿ, ಮಡಿಕೆಯನ್ನು ಬೆಳಕಿಗೆ ಹಿಡಿದರೆ ಎರಡನೇ ಬಣ್ಣ ಕಾಣುತ್ತದೆ. ಅಪ್ಪಟ ಕಪ್ಪು ಬೇಡ ಅನ್ನುವ ಹಿರಿಯರಿಗೂ ಇದು ಒಪ್ಪಿಗೆಯಾಗುತ್ತದೆ.

ಬಟ್ಟೆ

ಇಳಕಲ್ ಸೀರೆಯಿಂದ ಶುರು ಮಾಡುತ್ತೇನೆ, ಯಾಕೆಂದರೆ ಕಡು ಬಣ್ಣ ಅದರ ಹುಟ್ಟುಗುಣ. ಬಾಗಲಕೋಟೆ ಜಿಲ್ಲೆಯ ಇಳಕಲ್‌ನಲ್ಲಿ ನೇಯುವ ಈ ಸೀರೆಗೆ ಕೆಂಪು ಸೆರಗು, ಸೆರಗಿನಲ್ಲಿ ತೋಪು ತೆನಿ ಅನ್ನುವ ಬಿಳಿಯ ವಿನ್ಯಾಸ. ಮೈಯ ಹಾಸಿನ ಎಳೆಗಳನ್ನೂ ಸೆರಗಿನ ಹಾಸಿನ ಎಳೆಗಳನ್ನೂ ಕೊಂಡಿ ಹಾಕಿ ಸೇರಿಸುತ್ತಾರೆ. ಅದಕ್ಕೇ ಒಂದೊಂದು ಸೀರೆಗೂ ಬೇರೆ ಬೇರೆ ಹಾಸು ಹೂಡಬೇಕು. ಕಪ್ಪು ಮೈ, ಕೆಂಪು ಸೆರಗು, ಚಿಕ್ಕಿ ಅಥವಾ ಗೋಮಿ ಅನ್ನುವ ದಡಿ (ಅಂಚು) ಇದ್ದರೆ ಬೇರೆ ಅಲಂಕಾರವೇ ಬೇಡ ಅನ್ನಿಸುತ್ತದೆ. ಹತ್ತಿಯದು, ಹತ್ತಿ ರೇಷ್ಮೆ ಸೇರಿದ್ದು, ಪೂರ್ತಿ ರೇಷ್ಮೆಯದು ಮೂರೂ ಸಿಗುತ್ತವೆ. ಮದುವೆಗಾದರೆ ರೇಷ್ಮೆಯದೇ ಕೇಳಿ, ಸಂಜೆ ದೀಪಕ್ಕೆ ಅದರ ಹೊಳಪು ಬೇಕು.

ಇದಕ್ಕೆ ಕಸೂತಿ ಹಾಕಿಸಿದರೆ ಅಜ್ಜಿಯ ಚಂದ್ರಕಾಳಿಯ ದಾರಿಗೆ ಬಂದಂತೆ. ಗವಂತಿ, ಮುರಗಿ, ನೇಯ್ಗಿ, ಮೆಂತಿ ಅಂತ ನಾಲ್ಕು ಹೊಲಿಗೆ. ತೇರು, ಗೋಪುರ, ಆನೆ, ನವಿಲು, ತುಳಸಿಕಟ್ಟೆ ಎಲ್ಲ ಇವುಗಳಲ್ಲೇ ಮೂಡುತ್ತವೆ. ಬಟ್ಟೆ ಮೇಲೆ ಪೆನ್ಸಿಲ್ ಗೆರೆ ಇಲ್ಲ, ದಾರಕ್ಕೆ ಗಂಟಿಲ್ಲ. ಎಳೆ ಎಣಿಸಿ ಎಣಿಸಿ ಹಾಕಬೇಕು. ಕಪ್ಪು ಬಟ್ಟೆಯಲ್ಲಿ ಕಪ್ಪು ಎಳೆ ಎಣಿಸುವುದು ಅಂದರೆ ಕಣ್ಣಿಗೆ ಎಷ್ಟು ತ್ರಾಸು, ಯೋಚನೆ ಮಾಡಿ. ನಮ್ಮ ಸೀರೆಗೆ ಕಸೂತಿ ಹಾಕಿದ ಅಕ್ಕ ಬೆಳಗಿನ ಬಿಸಿಲಿರುವಾಗ ಮಾತ್ರ ಕಿಟಕಿ ಹತ್ತಿರ ಕೂರುತ್ತಿದ್ದರು. ಮಧ್ಯಾಹ್ನದ ಮೇಲೆ ಕಪ್ಪು ಸೀರೆ ಮುಟ್ಟುತ್ತಿರಲಿಲ್ಲ. ಅದಕ್ಕೇ ಮದುವೆಗೆ ಐದಾರು ತಿಂಗಳು ಇರುವಾಗಲೇ ಕೊಡಿ. ಚೌಕಾಸಿ ಮಾಡುವ ಮುಂಚೆ ಆ ಕಣ್ಣುಗಳನ್ನು ನೆನೆಯಿರಿ. ಅಷ್ಟು ಸಮಯ ಇಲ್ಲದಿದ್ದರೆ ಬ್ಲೌಸಿನ ತೋಳಿಗೆ, ಬೆನ್ನಿಗೆ ಮಾತ್ರ ಹಾಕಿಸಿ, ಅದೂ ಚೆನ್ನಾಗಿಯೇ ಕಾಣುತ್ತದೆ.

ಮೈಸೂರು ರೇಷ್ಮೆ ಬೇರೆ ಸ್ವಭಾವದ್ದು. 1912ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ ಶುರುವಾದ ಮೈಸೂರಿನ ಕಾರ್ಖಾನೆಯನ್ನು ಈಗ ರಾಜ್ಯ ಸರ್ಕಾರದ ರೇಷ್ಮೆ ನಿಗಮ ಕೆಎಸ್‌ಐಸಿ ನಡೆಸುತ್ತಿದೆ. ಇಲ್ಲಿ ನೂಲಿಗೆ ಜಾಸ್ತಿ ಹುರಿ ಕೊಟ್ಟು ಕ್ರೇಪ್ ನೇಯುತ್ತಾರೆ. ಹಾಗಾಗಿ ಬಟ್ಟೆ ಮೈಗೆ ಒಗ್ಗಿ ಇಳಿಯುತ್ತದೆ, ಹೊಳಪು ಮೆತ್ತಗಿರುತ್ತದೆ. ಮೈಯಲ್ಲಿ ಬೇರೇನೂ ಇಲ್ಲದೆ ಅಂಚಿನಲ್ಲಿ ಮಾತ್ರ ಜರಿ ಇರುವ ಕಡು ನೀಲಿ ಮೈಸೂರು ರೇಷ್ಮೆ ನನ್ನ ಕಣ್ಣಿಗೆ ಅತಿ ಸೊಗಸು. ಗಂಟೆಗಟ್ಟಲೆ ನಿಂತರೂ ಭಾರ ಅನ್ನಿಸುವುದಿಲ್ಲ.

ಕಾಂಚೀಪುರಂ ದಪ್ಪ, ಭಾರ, ನೆರಿಗೆ ಗಟ್ಟಿಯಾಗಿ ನಿಲ್ಲುತ್ತದೆ. ಮಂಟಪದಲ್ಲಿ ದೂರಕ್ಕೂ ಕಾಣಬೇಕು ಅಂದರೆ ಅದೇ ಸರಿ. ವೆಲ್ವೆಟ್ ಲೆಹೆಂಗಾ ಬೇಸಿಗೆ ಮದುವೆಗೆ ಬೇಡ. ಸೆಕೆ ಒಂದು, ಅದರ ಮೇಲೆ ಸಣ್ಣ ನೂಲು, ಧೂಳು ಎಲ್ಲ ಅಂಟಿ ಬೆಳ್ಳಗೆ ಕಾಣುತ್ತದೆ. ಅಮೆರಿಕವೋ ಇಂಗ್ಲೆಂಡೋ, ಚಳಿಗಾಲದಲ್ಲಿ ಮದುವೆ ಇಟ್ಟುಕೊಂಡ ನಮ್ಮವರಿಗಾದರೆ ಅದು ಹಿತ.

ಜರಿ ಬಗ್ಗೆ ಒಂದು ಮಾತು. ಕಪ್ಪಿನ ಮೇಲೆ ಪಳಪಳ ಹಳದಿ ಜರಿ ಅಗ್ಗವಾಗಿ ಕಾಣುತ್ತದೆ. ಮಾಸಲು ಚಿನ್ನ, ತಾಮ್ರ ಅಥವಾ ಬೆಳ್ಳಿ ಜರಿ ಕೇಳಿ.

ಅಂಗಡಿಯಲ್ಲಿ

ಬೆಳಿಗ್ಗೆ ಹೋಗಿ. ಇದು ಮೊದಲ ನಿಯಮ. ನಾವು ಸಂಜೆ ಹೋಗಿ ಪೇಚಿಗೆ ಬಿದ್ದೆವು. ಬಿಳಿ ಗಾದಿ ಮೇಲೆ ಹತ್ತು ಸೀರೆ ಬಿಚ್ಚಿ ಹಾಕಿದ್ದರು, ತಲೆ ಮೇಲೆ ಸಾಲು ಸಾಲು ದೀಪ. ಒಂದು ಸೀರೆ ಎಲ್ಲರಿಗೂ ಇಷ್ಟವಾಯಿತು, ಒಳ್ಳೇ ಕಪ್ಪು. ದುಡ್ಡು ಕೊಡಬೇಕು ಅನ್ನುವಷ್ಟರಲ್ಲಿ ಚಿಕ್ಕಮ್ಮ "ನಾಳೆ ಹಗಲಲ್ಲಿ ಒಂದ್ಸಲ ನೋಡೋಣ" ಅಂದರು. ಮಾರನೇ ದಿನ ಅಂಗಡಿಯ ಮೆಟ್ಟಿಲ ಮೇಲೆ ಸೆರಗು ಹಿಡಿದು ನಿಂತರೆ ಅದು ಕಪ್ಪಲ್ಲ, ಕಡು ಬದನೆಕಾಯಿ ಬಣ್ಣ. ಅಂಗಡಿಯವರ ತಪ್ಪೇನಿಲ್ಲ. ಆ ದೀಪದಲ್ಲಿ ಯಾರ ಕಣ್ಣಿಗೂ ಅದು ಕಪ್ಪೇ.

ಹಾಗಾಗಿ ಮೂರು ಬೆಳಕಲ್ಲಿ ನೋಡಿ. ಅಂಗಡಿಯ ಬಿಳಿ ದೀಪ, ಹೊರಗಿನ ಹಗಲು, ಹಳದಿ ದೀಪ. ಕಲ್ಯಾಣ ಮಂಟಪದಲ್ಲಿ ಹೆಚ್ಚಾಗಿ ಹಳದಿ ಬೆಳಕು ಇರುತ್ತದೆ, ಅದರಲ್ಲಿ ಕಡು ನೀಲಿ ಪೂರ್ತಿ ಕಪ್ಪಾಗಿಬಿಡುತ್ತದೆ. ನೀಲಿ ನೀಲಿಯಾಗೇ ಕಾಣಬೇಕು ಅಂದರೆ ಒಂದು ಶೇಡ್ ತಿಳಿಯಾದದ್ದು ತಗೊಳ್ಳಿ. ಆಮೇಲೆ ಸೀರೆಯನ್ನು ಹೆಗಲ ಮೇಲೆ ಹಾಕಿಕೊಂಡು ಫೋನಿನಲ್ಲಿ ಹತ್ತು ಸೆಕೆಂಡಿನ ವಿಡಿಯೊ ಮಾಡಿಸಿ. ತಿರುಗಿ, ನಡೆಯಿರಿ. ವಿಡಿಯೊದಲ್ಲಿ ನೆರಿಗೆಗಳು ಬೇರೆ ಬೇರೆಯಾಗಿ ಕಾಣದೆ ಒಂದೇ ಕಪ್ಪು ಮುದ್ದೆಯ ಥರ ಕಂಡರೆ ಆ ಸೀರೆ ಬೇಡ.

ಇನ್ನು ಬಣ್ಣ ಬಿಡುತ್ತದಾ ಅಂತ ನೋಡಬೇಕು. ಕಡು ಬಣ್ಣಕ್ಕೆ ಬಣ್ಣದ ಪುಡಿ ಜಾಸ್ತಿ ಹಾಕಿರುತ್ತಾರೆ, ಸರಿಯಾಗಿ ತೊಳೆಯದಿದ್ದರೆ ಮಿಕ್ಕದ್ದು ಮೈಗೆ ಹತ್ತುತ್ತದೆ. ಬಿಳಿ ಹತ್ತಿ ಕರವಸ್ತ್ರ ತಗೊಂಡು ಹೋಗಿ. ತುದಿ ಒದ್ದೆ ಮಾಡಿ ಹಿಂಡಿ, ಸೀರೆಯ ಒಳತುದಿಯಲ್ಲಿ ಹತ್ತು ಸಲ ಮೆಲ್ಲಗೆ ಉಜ್ಜಿ. ಕೇಳಿಕೊಂಡೇ ಮಾಡಿ. ಚೂರು ನೆರಳು ಬಂದರೆ ಪರವಾಗಿಲ್ಲ. ಕರ್ರಗೆ ಹತ್ತಿದರೆ, ಅದರಲ್ಲೂ ಸೀರೆಗೆ ಬಿಳಿ ಅಥವಾ ಕೆನೆ ಬಣ್ಣದ ಅಂಚಿದ್ದರೆ, ಬಿಟ್ಟುಬಿಡಿ.

ರೇಷ್ಮೆ ಅಸಲಿಯಾ ಅಂತ ತಿಳಿಯಲು ಸಿಲ್ಕ್ ಮಾರ್ಕ್ ಚೀಟಿ ಇದೆಯಾ ಕೇಳಿ. ಸೆರಗಿನ ತುದಿಯಲ್ಲಿ ಬಿಟ್ಟಿರುವ ಎರಡು ಎಳೆ ಕಿತ್ತು ಸುಟ್ಟರೆ ರೇಷ್ಮೆ ಕೂದಲು ಸುಟ್ಟ ವಾಸನೆ ಬಂದು ಬೂದಿ ಪುಡಿಯಾಗುತ್ತದೆ. ಪಾಲಿಯೆಸ್ಟರ್ ಕರಗಿ ಗಟ್ಟಿ ಗುಂಡಾಗುತ್ತದೆ.

ಅಜ್ಜಿಯ ಹಳೇ ಕಪ್ಪು ಸೀರೆಯನ್ನೇ ಉಡುವ ಆಸೆಯಾದರೆ ಮೊದಲು ಮಡಿಕೆಗಳನ್ನು ನೋಡಿ. ಹಿಂದೆ ಕಬ್ಬಿಣದ ಅಂಶ ಸೇರಿಸಿ ಕಪ್ಪು ಬಣ್ಣ ಹಾಕುವ ವಿಧಾನವಿತ್ತು. ಹಾಗೆ ಮಾಡಿದ ರೇಷ್ಮೆ ವರ್ಷ ಕಳೆದಂತೆ ಸೊರಗುತ್ತದೆ. ಮಡಿಕೆಯಲ್ಲಿ ಸೀಳು ಕಂಡರೆ ಉಡುವ ಸಾಹಸ ಬೇಡ. ಗಟ್ಟಿ ಇರುವ ಭಾಗವನ್ನು ಕತ್ತರಿಸಿ ಬ್ಲೌಸಿಗೆ ಅಂಚಾಗಿ ಹಾಕಿಸಿಕೊಳ್ಳಿ, ಅಜ್ಜಿ ಒಪ್ಪಿದರೆ.

ಬ್ಲೌಸು, ಲಂಗ

ಲಂಗ ಸೀರೆಯದೇ ಬಣ್ಣದ್ದಿರಲಿ, ಬಿಳಿ ಬೇಡ. ಮೆಟ್ಟಿಲು ಹತ್ತುವಾಗ ಬಿಳಿ ಅಂಚು ಇಣುಕಿದರೆ ಕಪ್ಪಿನ ಪಕ್ಕ ಎದ್ದು ಕಾಣುತ್ತದೆ. ಫಾಲ್ ಕೂಡ ಅದೇ ಬಣ್ಣದ್ದು, ದಾರವೂ ಅದೇ.

ಬ್ಲೌಸಿಗೆ ಎರಡು ದಾರಿ. ಸೀರೆಯ ಬಣ್ಣದ್ದೇ ಹಾಕಿದರೆ ಎತ್ತರವಾಗಿ, ನೀಳವಾಗಿ ಕಾಣುತ್ತೀರಿ. ಬೇರೆ ಬಣ್ಣ ಹಾಕಿದರೆ ಮುಖದ ಹತ್ತಿರ ಬೆಳಕು ಬರುತ್ತದೆ. ಕಪ್ಪಿಗೆ ಕುಂಕುಮದ ಕೆಂಪು, ಕಡು ನೀಲಿಗೆ ಮಾಸಲು ಚಿನ್ನ, ಕಡು ಹಸಿರಿಗೆ ದಾಳಿಂಬೆ ಬಣ್ಣ. ಮುಹೂರ್ತಕ್ಕಾದರೆ ನಾನು ಎರಡನೆಯದನ್ನೇ ಹೇಳುತ್ತೇನೆ.

ಲೈನಿಂಗ್ ಬಟ್ಟೆ ಬಗ್ಗೆ ಯಾರೂ ಎಚ್ಚರಿಸುವುದಿಲ್ಲ. ನಮಗೂ ಯಾರೂ ಹೇಳಲಿಲ್ಲ. ಹೊಲಿದು ಬಂದ ಬ್ಲೌಸನ್ನು ತಂಗಿ ಒಂದು ಮಧ್ಯಾಹ್ನ ಹಾಕಿ ನೋಡಿದಳು. ಏಪ್ರಿಲ್ ಸೆಕೆ. ಒಂದು ಗಂಟೆಯಲ್ಲಿ ಹೆಗಲು, ಕಂಕುಳು ಎಲ್ಲ ಕರ್ರಗೆ. ಸೀರೆ ಬಣ್ಣ ಬಿಟ್ಟಿರಲಿಲ್ಲ, ಒಳಗಿನ ಕಪ್ಪು ಲೈನಿಂಗ್ ಬಿಟ್ಟಿತ್ತು. ಹೊಲಿಯುವ ಮುಂಚೆ ಅದನ್ನು ತೊಳೆದಿರಲಿಲ್ಲ. ಮದುವೆಗೆ ಇನ್ನೂ ಹನ್ನೆರಡು ದಿನ ಇತ್ತು, ಬಿಚ್ಚಿಸಿ ಬೇರೆ ಲೈನಿಂಗ್ ಹಾಕಿಸಿದೆವು. ಆ ದಿನ ಹಾಕಿ ನೋಡದಿದ್ದರೆ ಗೊತ್ತಾಗುತ್ತಿದ್ದದ್ದು ವೇದಿಕೆ ಮೇಲೆ. ಹಾಗಾಗಿ ಲೈನಿಂಗ್ ಬಟ್ಟೆಯನ್ನು ನೀವೇ ತಂದು, ಉಪ್ಪುನೀರಲ್ಲಿ ನೆನೆಸಿ, ನೀರು ತಿಳಿಯಾಗುವ ತನಕ ಜಾಲಿಸಿ, ಒಣಗಿಸಿ ಟೈಲರಿಗೆ ಕೊಡಿ. ಬಟ್ಟೆ ಕುಗ್ಗುವುದಿದ್ದರೂ ಆಗಲೇ ಕುಗ್ಗುತ್ತದೆ. ತೊಳೆದರೂ ಬಣ್ಣ ಬಿಡುತ್ತಲೇ ಇದ್ದರೆ ಮೈಬಣ್ಣದ ಲೈನಿಂಗ್ ಹಾಕಿಸಿ.

ಕಂಕುಳಿಗೆ ಬೆವರು ಪ್ಯಾಡ್ ಹೊಲಿಸಿ. ಕಡು ರೇಷ್ಮೆ ಮೇಲೆ ಬೆವರು ಒಣಗಿದರೆ ಉಪ್ಪಿನ ಬಿಳಿ ಗೆರೆ ನಿಲ್ಲುತ್ತದೆ. ಬ್ಲೌಸನ್ನು ಮದುವೆಗೆ ಮೂರು ವಾರ ಇರುವಾಗಲೇ ಕೈಗೆ ತಗೊಂಡು, ಎರಡು ಗಂಟೆ ಹಾಕಿಕೊಂಡು ಮನೆಯಲ್ಲಿ ಓಡಾಡಿ.

ಒಡವೆ, ಹೂವು, ಮುಖ

ಕಡು ಬಣ್ಣದ ದೊಡ್ಡ ಲಾಭ ಇದು: ಇದ್ದ ಒಡವೆ ಎರಡರಷ್ಟು ಕಾಣುತ್ತದೆ. ಮನೆಯಲ್ಲಿರುವ ಅಡ್ಡಿಕೆಯೋ ಕಾಸಿನ ಸರವೋ ಸಾಕು, ಹೊಸದು ಮಾಡಿಸಲೇಬೇಕು ಅಂತಿಲ್ಲ. ಹಳೇ ಚಿನ್ನದ ಮಾಸಲು ಬಣ್ಣ ಕಪ್ಪಿಗೆ ಹೇಳಿ ಮಾಡಿಸಿದ ಹಾಗೆ. ಮುತ್ತು ಕಡು ನೀಲಿಗೆ, ಪಚ್ಚೆ ವೈನ್ ಬಣ್ಣಕ್ಕೆ. ಕರಿಮಣಿ ಮಾತ್ರ ಕಪ್ಪು ಬ್ಲೌಸಿನ ಮೇಲೆ ಕಾಣದೇ ಹೋಗುತ್ತದೆ. ಅದು ಕಾಣಲೇಬೇಕು ಅನ್ನುವವರು ಕೆಂಪು ಅಥವಾ ಚಿನ್ನದ ಬಣ್ಣದ ಬ್ಲೌಸ್ ಆರಿಸಿ, ಇಲ್ಲವೇ ಕತ್ತು ಸ್ವಲ್ಪ ಅಗಲ ಇಡಿಸಿ, ಕರಿಮಣಿ ಮೈಮೇಲೆ ಕೂರುತ್ತದೆ. ಕೈಗೆ ಹಸಿರು ಗಾಜಿನ ಬಳೆ ಇರಲಿ. ಕಪ್ಪು ಸೀರೆಗೂ ಮದುವೆಯ ಕಳೆ ಬರುವುದು ಆ ಬಳೆ, ಕೆಂಪು ಕುಂಕುಮ, ಮಲ್ಲಿಗೆ ಈ ಮೂರರಿಂದ.

ಮಲ್ಲಿಗೆಗೆ ಕಪ್ಪಿನಷ್ಟು ಒಳ್ಳೇ ಹಿನ್ನೆಲೆ ಇನ್ನೊಂದಿಲ್ಲ. ಮೈಸೂರು, ಉಡುಪಿ, ಹಡಗಲಿ ಯಾವ ಮಲ್ಲಿಗೆಯಾದರೂ ಸರಿ, ಧಾರಾಳವಾಗಿ ಮುಡಿಯಿರಿ. ಹಾರ ಆರಿಸುವಾಗ ಜಾಗ್ರತೆ. ಕಡು ಕೆಂಪು ಗುಲಾಬಿ ಹಾರ ಕಪ್ಪು ಸೀರೆಯಲ್ಲಿ ಮುಳುಗಿಹೋಗುತ್ತದೆ. ಸುಗಂಧರಾಜ, ತಿಳಿ ಗುಲಾಬಿ, ಸೇವಂತಿಗೆ ಕೇಳಿ. ಹಾರಕ್ಕೆ ನೀರು ಚಿಮುಕಿಸಿಟ್ಟಿರುತ್ತಾರೆ, ಹಾಕುವ ಮುಂಚೆ ಚೆನ್ನಾಗಿ ಕೊಡವಲು ಹೇಳಿ. ನೀರು ತೊಟ್ಟಿಕ್ಕಿದರೆ ರೇಷ್ಮೆಯಲ್ಲಿ ಕಲೆ ಕೂರುತ್ತದೆ.

ಮೇಕಪ್ ಪೂರ್ತಿ ಮುಗಿದ ಮೇಲೆ ಸೀರೆ ಉಡಿ. ಬಿದ್ದ ಪೌಡರ್ ಕಪ್ಪಿನ ಮೇಲೆ ಸುಣ್ಣದ ಥರ ಕಾಣುತ್ತದೆ. ಮುಖವನ್ನು ಬಿಳಿ ಮಾಡಿಸಿಕೊಳ್ಳಬೇಡಿ, ಕಡು ಬ್ಲೌಸಿನ ಪಕ್ಕ ಕತ್ತಿನ ಬಣ್ಣ, ಮುಖದ ಬಣ್ಣ ಬೇರೆ ಬೇರೆ ಅಂತ ತಕ್ಷಣ ಗೊತ್ತಾಗುತ್ತದೆ.

ವೇದಿಕೆ ಮತ್ತು ಫೋಟೊ

ಡೆಕೊರೇಷನ್ ಮಾಡುವವರಿಗೆ ಸೀರೆಯ ಒಂದು ಫೋಟೊ ಕಳಿಸಿ. ಹಿಂದಿನ ಪರದೆ ಕಡು ಹಸಿರು ಎಲೆಯದೋ ಮರೂನ್ ಬಟ್ಟೆಯದೋ ಆದರೆ ನಿಮ್ಮ ಮುಖ, ಕೈ ಮಾತ್ರ ಕಾಣುತ್ತವೆ. ಕೆನೆ ಬಣ್ಣ, ಚೆಂಡು ಹೂವಿನ ಹಳದಿ, ಬಿಳಿ ಹೂವು ಒಳ್ಳೆಯದು. ಗಂಡಿನ ಕಡೆಗೂ ಹೇಳಿ. ಇಬ್ಬರೂ ಕಪ್ಪು ಹಾಕಿದರೆ ಜೋಡಿ ಫೋಟೊದಲ್ಲಿ ಯಾರ ತೋಳು ಯಾರದ್ದು ತಿಳಿಯುವುದಿಲ್ಲ. ಅವರು ಕೆನೆ ಬಣ್ಣದ ರೇಷ್ಮೆ ಪಂಚೆ, ಶಲ್ಯ ಹಾಕಿದರೆ ಸೀರೆ ಎದ್ದು ಕಾಣುತ್ತದೆ.

ಫೋಟೊಗ್ರಾಫರ್ ಹತ್ತಿರ ಮುಂಚೆಯೇ ಎರಡು ಮಾತು. ಕ್ಯಾಮೆರಾ ಕಪ್ಪು ಬಟ್ಟೆ ನೋಡಿ ಬೆಳಕು ಸಾಲದು ಅಂದುಕೊಂಡು ಎಲ್ಲವನ್ನೂ ಬೆಳ್ಳಗೆ ಮಾಡುತ್ತದೆ. ಕಪ್ಪು ಬೂದು ಬಣ್ಣವಾಗುತ್ತದೆ, ಮುಖ ಸುಟ್ಟಂತೆ ಬಿಳಿಚಿಕೊಳ್ಳುತ್ತದೆ. ಬೆಳಕಿನ ಅಳತೆಯನ್ನು ಮುಖಕ್ಕೆ ಇಟ್ಟು ತೆಗೆಯಲು ಹೇಳಿ. ಬೆಳಕು ಎದುರಿನಿಂದ ಮಾತ್ರ ಬೇಡ, ಒಂದು ಪಕ್ಕದಿಂದಲೂ ಬರಲಿ. ನೆರಿಗೆ, ಕಸೂತಿ, ಜರಿ ಎಲ್ಲ ಉಬ್ಬಿ ಕಾಣುವುದು ಪಕ್ಕದ ಬೆಳಕಿನಲ್ಲೇ.

ಆ ದಿನ, ಆಮೇಲೆ

ಒಂದು ಸಣ್ಣ ಚೀಲ ನಿಮ್ಮ ಗೆಳತಿಯ ಕೈಯಲ್ಲಿರಲಿ. ಬಟ್ಟೆ ಮೇಲಿನ ನೂಲು ತೆಗೆಯುವ ಅಂಟು ರೋಲರ್, ಒಣ ಮೆತ್ತನೆ ಬ್ರಷ್, ಕಪ್ಪು ದಾರ ಸೂಜಿ, ಕಪ್ಪು ಬಣ್ಣದ ಪಿನ್ನು. ಬೆಳ್ಳಿ ಬಣ್ಣದ ಪಿನ್ನು ಫೋಟೊದಲ್ಲಿ ಚುಕ್ಕೆಯಾಗಿ ಹೊಳೆಯುತ್ತದೆ. ಅಕ್ಷತೆ ಬಿದ್ದಾಗ ಕೈಯಿಂದ ಒರೆಸಬೇಡಿ, ಎದ್ದು ನಿಂತು ಸೆರಗು ಕೊಡವಿ. ಅರಿಶಿನದ ಪುಡಿ ಉಳಿದರೆ ಒಣ ಬ್ರಷ್ ಸಾಕು, ನೀರು ತಾಗಿಸಬೇಡಿ.

ರಾತ್ರಿ ಸೀರೆ ಬಿಚ್ಚಿದ ಕೂಡಲೇ ಮಡಚಿಡಬೇಡಿ. ನೆರಳಲ್ಲಿ, ಗಾಳಿಗೆ ಒಂದು ರಾತ್ರಿ ಹರವಿ. ಮನೆಯಲ್ಲಿ ಒಗೆಯಬೇಡಿ, ಡ್ರೈ ಕ್ಲೀನಿಗೆ ಕೊಡುವಾಗ ಬೆವರಿನ ಜಾಗ ತೋರಿಸಿ ಹೇಳಿ. ಆಮೇಲೆ ತೊಳೆದ ಹಳೇ ಬಿಳಿ ಪಂಚೆಯಲ್ಲಿ ಸುತ್ತಿಡಿ, ಪ್ಲಾಸ್ಟಿಕ್ ಕವರಿನಲ್ಲಿ ಬೇಡ. ಜರಿಗೆ ನುಸಿಗುಳಿಗೆ ತಾಗಬಾರದು. ಮೂರು ನಾಲ್ಕು ತಿಂಗಳಿಗೊಮ್ಮೆ ತೆಗೆದು ಮಡಿಕೆ ಬದಲಿಸಿ.

ತಂಗಿಯ ಸೀರೆ ಈಗ ಅಜ್ಜಿಯ ಕಪಾಟಿನಲ್ಲೇ ಇದೆ, ಅಜ್ಜನ ಹಳೇ ಪಂಚೆಯಲ್ಲಿ ಸುತ್ತಿಕೊಂಡು. ಮಡಿಕೆ ಬದಲಿಸುವ ಕೆಲಸ ಅಜ್ಜಿಯೇ ತಗೊಂಡಿದ್ದಾರೆ. ಪ್ರತಿ ಸಲವೂ ಕಿಟಕಿ ಹತ್ತಿರ ಒಯ್ದು, ಕಸೂತಿಯ ತೇರನ್ನು ಬೆಳಕಿಗೆ ಹಿಡಿದು, ಒಮ್ಮೆ ಕೈಯಾಡಿಸಿಯೇ ಒಳಗಿಡುತ್ತಾರೆ.